ಮಾವನ ವಾಚುಗಳಿಗೆ ರಜಾ

ನಮ್ಮ ಸೋದರಮಾವನ ಬಳಿ ಪೊಲೀಸರು ಬೆಚ್ಚಿಬೀಳುವಷ್ಟು ಚಾಕುಗಳಿದ್ದವು. ಆದರೆ ಆ ಮನೆಯಲ್ಲಿ ಒಂದು ನಿಂಬೆಹಣ್ಣು ಹೆಚ್ಚಬೇಕಾದರೂ ಅತ್ತೆ ಈಳಿಗೆಮಣೆಯನ್ನೇ ಎಳೆದುಕೊಳ್ಳಬೇಕಿತ್ತು! ನಿಂಬೆಯ ಹುಳಿಗೆ ಅಲಗು ಹಾಳಾಗುತ್ತದಂತೆ. ಹಾಗಾದರೆ ಚಾಕು ಇರುವುದಾದರೂ ಯಾತಕ್ಕೆ? ನೋಡುವುದಕ್ಕೆ, ಎಣ್ಣೆ ಒರೆಸುವುದಕ್ಕೆ, ಮತ್ತೆ ಮಡಚಿಡುವುದಕ್ಕೆ.

ಇನ್ನೊಂದು ಹುಚ್ಚು ಕ್ರೋನೋಗ್ರಾಫ್ ವಾಚಿನದು. ದೊಡ್ಡ ಮುಖದೊಳಗೆ ಪುಟ್ಟ ಪುಟ್ಟ ಮುಖಗಳು, ಪಕ್ಕದಲ್ಲೊಂದು ಗುಂಡಿ. ಒತ್ತಿದರೆ ಹೊತ್ತು ಅಳೆಯಲು ಶುರು, ಮತ್ತೆ ಒತ್ತಿದರೆ ನಿಂತಿತು. ಓಟದ ಪಂದ್ಯಕ್ಕೆಂದು ಯಾರೋ ಮಾಡಿದ್ದನ್ನು ಮಾವ ಚಾಮರಾಜಪೇಟೆಯ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನು ಅಳೆಯಲು ಬಳಸುತ್ತಿದ್ದರು! ಅತ್ತೆ ಚೀಲ ಹಿಡಿದು ಹೊಸ್ತಿಲು ದಾಟಿದರೆ ಸಾಕು, ಗುಂಡಿ ಒತ್ತುತ್ತಿದ್ದರು. ಅವರು ವಾಪಸ್ಸು ಬಂದು ಚಪ್ಪಲಿ ಬಿಟ್ಟಾಗ ನಿಲ್ಲಿಸಿ, ಒಂದು ಕಟ್ಟು ಕೊತ್ತಂಬರಿಗೆ ಇಷ್ಟು ಹೊತ್ತೇ ಎಂದು ವರದಿ ಒಪ್ಪಿಸುತ್ತಿದ್ದರು. ಅತ್ತೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿದ್ದ ಆ ತೊಂಬತ್ತರ ದಶಕದಲ್ಲಿ ಭಾನುವಾರವೆಂದರೆ ಮಾವನ ಜೊತೆ ಹಳೇ ಸಾಮಾನಿನ ಸಂಡೇ ಬಜಾರ್. ಒಮ್ಮೆ ಕೊಂಬಿನ ಹಿಡಿಯ ಚಾಕುವೊಂದನ್ನು ಗಂಟೆಗಟ್ಟಲೆ ಚೌಕಾಸಿ ಮಾಡಿ ಕುದುರಿಸಿದರು. ಅಂಗಡಿಯವನು ಕೈಗೆ ಕೊಡಲು ಬಂದ. ಚಾಕು ಕೈಯಿಂದ ಕೈಗೆ ತೆಗೆದುಕೊಂಡರೆ ಜಗಳವಾಗುತ್ತದೆ, ಕೆಳಗಿಡಪ್ಪಾ ಎಂದರು. ಅವನು ಇಟ್ಟ. ಮಾವ ಜೇಬಿಗೆ ಕೈಹಾಕುವಷ್ಟರಲ್ಲಿ ಪಕ್ಕದಲ್ಲಿದ್ದವನು ಅದನ್ನೆತ್ತಿಕೊಂಡು ದುಡ್ಡು ಕೊಟ್ಟೇಬಿಟ್ಟ! ಆಮೇಲೆ ನಡೆದ ಜಗಳ ಅಕ್ಕಿಪೇಟೆಯವರೆಗೂ ಕೇಳಿಸಿರಬೇಕು.

ಆಯುಧಪೂಜೆಯ ದಿನವಂತೂ ಕೇಳಲೇಬೇಡಿ. ದುಡಿಯುವ ಸಾಮಾನಿಗೆಲ್ಲ ಅಂದು ವಿಶ್ರಾಂತಿಯಲ್ಲವೇ? ಚಾಕುಗಳ ಪಕ್ಕದಲ್ಲಿ ವಾಚುಗಳನ್ನೂ ಸಾಲಾಗಿ ಮಲಗಿಸಿ, ಒಂದೊಂದನ್ನೂ ನಿಲ್ಲಿಸಿ, ಗಾಜಿಗೆ ಕುಂಕುಮವಿಟ್ಟು, ಗೋಡೆ ಗಡಿಯಾರದ ಬಾಯನ್ನೂ ಮುಚ್ಚಿಸುತ್ತಿದ್ದರು. ಆಮೇಲೆ ಕಾಂಪೌಂಡಿನ ಆಚೆ ಇಣುಕಿ ಪಕ್ಕದ ಮನೆಯವರನ್ನು ಟೈಮು ಕೇಳುವುದು!

"ಅಷ್ಟೊಂದು ವಾಚಿಟ್ಕೊಂಡು ನಮ್ಮನ್ನ ಕೇಳ್ತೀರಲ್ಲ ಸ್ವಾಮಿ?"

"ಅವಕ್ಕೆ ಇವತ್ತು ರಜಾ ಕಣ್ರೀ."

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೆಳಗ್ಗೆ ಅತ್ತೆಗೆ ಎದೆನೋವು ಬಂತು. ಆಸ್ಪತ್ರೆಗೆಂದು ಆಟೋ ಹತ್ತಿಸುವಾಗಲೂ ಮಾವನ ಹೆಬ್ಬೆರಳು ಅಭ್ಯಾಸಬಲದಿಂದ ಗುಂಡಿ ಒತ್ತಿತಂತೆ. ಅತ್ತೆ ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬರಲಿಲ್ಲ.

ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಮರುವರ್ಷ ಆಯುಧಪೂಜೆಗೆ ಹೋದೆ. ಚಾಕುಗಳು, ನಿಂತ ವಾಚುಗಳು, ಸಾಲಿನ ಕೊನೆಯಲ್ಲಿ ಈ ಸಲ ಅತ್ತೆಯ ಈಳಿಗೆಮಣೆ. ಎಲ್ಲಕ್ಕೂ ಕುಂಕುಮ. ಮಾವನ ಕೈಯಲ್ಲಿ ಮಾತ್ರ ಒಂದು ವಾಚು ಓಡುತ್ತಿತ್ತು. ಆವತ್ತು ಅತ್ತೆಯನ್ನು ಆಟೋ ಹತ್ತಿಸುವಾಗ ಕೈಯಲ್ಲಿ ಕಟ್ಟಿಕೊಂಡಿದ್ದದ್ದೇ ಅದು. ಹೊತ್ತು ಅಳೆಯುವ ಮುಳ್ಳು ಇನ್ನೂ ಸುತ್ತುತ್ತಲೇ ಇತ್ತು. ಅದು ನಿಲ್ಲಬಾರದೆಂದು ದಿನಾ ಬೆಳಗ್ಗೆ ಕೀಲಿ ಕೊಡುತ್ತಿದ್ದರಂತೆ.

"ಮಾವ, ಇದಕ್ಕೆ ರಜಾ ಇಲ್ವಾ?" ಎಂದೆ.

ಅವರು ಹೊಸ್ತಿಲ ಕಡೆ ನೋಡಿದರು. "ನಿಮ್ಮತ್ತೆ ಇನ್ನೂ ಬಂದಿಲ್ವಲ್ಲೋ."

ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದ ಮನೆಯಲ್ಲಿ ಟೈಮು ಕೇಳಿಕೊಂಡು ಬರುತ್ತೇನೆಂದು ಎದ್ದು ಹೊರಗೆ ಹೋದೆ.