ಈಳಿಗೆ ಮಣೆ ಪಾಸು ಮಾಡಿದ ಕವಿ

ನಮ್ಮ ಮಾವನವರು ಬಂಗಾಳದ ದೊಡ್ಡ ಕವಿ. ಎಷ್ಟು ದೊಡ್ಡವರೆಂದರೆ, ಅಲ್ಲಿಯ ಶಾಲಾಮಕ್ಕಳು ಅವರ ಪದ್ಯ ಬಾಯಿಪಾಠ ಮಾಡಲಾಗದೆ ಅವರನ್ನು ಮನಸಾರೆ ಬೈದುಕೊಳ್ಳುತ್ತಾರೆ. ಕವಿಯಾದವನಿಗೆ ಇದಕ್ಕಿಂತ ಕೀರ್ತಿ ಇನ್ನೇನು ಬೇಕು ಹೇಳಿ! ಆದರೆ ಅವರ ಇಷ್ಟೂ ಕಾವ್ಯವನ್ನು ಪಾಸು ಮಾಡಿದ್ದು ಯಾವ ವಿಮರ್ಶಕನೂ ಅಲ್ಲ, ಒಂದು ಈಳಿಗೆ ಮಣೆ ಎಂದರೆ ನಂಬುತ್ತೀರಾ? ದಾವಣಗೆರೆಯಿಂದ ಸಂಶೋಧನೆಗೆಂದು ಸ್ವೀಡನ್ನಿಗೆ ಬಂದು, ಇಲ್ಲೇ ಬಂಗಾಳಿ ಹುಡುಗನನ್ನು ಕಟ್ಟಿಕೊಂಡ ನಾನೂ ಮೊದಲು ನಂಬಿರಲಿಲ್ಲ.

ಮಾವನವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಮೊದಲ ಪದ್ಯ ಬರೆದದ್ದು ವಿದ್ಯಾರ್ಥಿಯೊಬ್ಬನ ಉತ್ತರಪತ್ರಿಕೆಯಲ್ಲಿ ಉಳಿದಿದ್ದ ಖಾಲಿ ಹಾಳೆಯ ಮೇಲಂತೆ. ಹಾಳೆ ಖಾಲಿ ಬಿಟ್ಟ ಉಪಕಾರಕ್ಕೆ ಅವನಿಗೆ ಐದು ಅಂಕ ಹೆಚ್ಚಿಗೆ ಕೊಟ್ಟರಂತೆ! ಆಮೇಲೆ ಪ್ರತಿ ಪದ್ಯ ಮುಗಿದೊಡನೆ ಸೀದಾ ಅಡುಗೆಮನೆಗೆ. ಅಲ್ಲಿ ಅತ್ತೆ ನೆಲದ ಮೇಲೆ ಕೂತು ಈಳಿಗೆ ಮಣೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿರುತ್ತಿದ್ದರು. ಇವರು ಬಾಗಿಲಲ್ಲಿ ನಿಂತು ಓದಬೇಕು. ಅತ್ತೆಯ ಕೈ ನಿಂತರೆ ಪದ್ಯ ಪಾಸು. ನಿಲ್ಲದಿದ್ದರೆ ಹರಿದು ಒಲೆಗೆ. “ಹಾಲು ಉಕ್ಕುತ್ತಿದೆ, ಸ್ವಲ್ಪ ನೋಡಿ” ಎಂದುಬಿಟ್ಟರಂತೂ ಮುಗಿಯಿತು, ಒಂದು ತಿಂಗಳು ಪೆನ್ನು ಮುಟ್ಟುವ ಹಾಗಿಲ್ಲ! ಹೀಗೆ ಹದಿನಾಲ್ಕು ಸಂಕಲನಗಳು ಬಂದವು. ಕೈ ಯಾಕೆ ನಿಂತಿತು ಎಂದು ಇವರು ಒಮ್ಮೆಯೂ ಕೇಳಲಿಲ್ಲ, ಅವರು ಒಮ್ಮೆಯೂ ಹೇಳಲಿಲ್ಲ.

ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ಒಂದೇ ಒಂದು ಪದ್ಯ ಪಾಸಾಗಿಲ್ಲ. ಬರೆಯುತ್ತಾರೆ, ಹರಿಯುತ್ತಾರೆ. ಹದಿನೈದನೆಯ ಸಂಕಲನಕ್ಕೆ ಕಾದು ಕೂತ ಪ್ರಕಾಶಕರು ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತಾರೆ. ಈ ಬೇಸಿಗೆಯಲ್ಲಿ ನನ್ನ ಗಂಡ ಅವರನ್ನು ಮೂರು ತಿಂಗಳಿಗೆಂದು ಸ್ವೀಡನ್ನಿನ ಸೋಲ್ನಾ ಊರಿನ ನಮ್ಮ ಫ್ಲ್ಯಾಟಿಗೆ ಕರೆಸಿಕೊಂಡ.

ಬರುವಾಗಲೇ ಪಜೀತಿ. ವಿಮಾನ ನಿಲ್ದಾಣದಲ್ಲಿ ಅವರ ಸೂಟ್‌ಕೇಸ್ ತೆರೆಸಿದರಂತೆ. ಒಂದರ ಮೇಲೊಂದು ಸನ್ಮಾನದ ಶಾಲು. ಒಂಬತ್ತನೆಯ ಶಾಲಿನ ಹೊಟ್ಟೆಯಲ್ಲಿ ಈಳಿಗೆ ಮಣೆ! ಆ ಬಾಗಿದ ಅಲಗನ್ನು ನೋಡಿ ಅಧಿಕಾರಿ, ಇದೇನೆಂದು ಕೇಳಿದ. “ಮೈ ಎಡಿಟರ್” ಎಂದರು ಮಾವ. ಹೊರಗೆ ಕಾಯುತ್ತಿದ್ದ ನನ್ನ ಗಂಡ, ಅದರಲ್ಲಿ ಬದನೆಕಾಯಿ ಹೆಚ್ಚುವುದು ಹೇಗೆಂದು ಫೋನಿನಲ್ಲೇ ಸ್ವೀಡಿಷ್ ಭಾಷೆಯಲ್ಲಿ ವಿವರಿಸಿ ಬಿಡಿಸಿಕೊಂಡ.

ಮನೆಗೆ ಬಂದವರೇ ನನ್ನ ಅಡುಗೆಮನೆ ತಪಾಸಣೆ ಮಾಡಿದರು. ಫ್ರೀಜರ್ ತೆರೆದು ಕಂಗಾಲಾದರು.

“ಬೌಮಾ, ಇದೇನು?” ಬೌಮಾ ಎಂದರೆ ಅವರಲ್ಲಿ ಸೊಸೆ. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ; ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಫ್ರೋಜನ್ ಬೀನ್ಸ್, ಬಾಬಾ. ಹೆಚ್ಚಿಟ್ಟಿದ್ದೇ ಸಿಗುತ್ತೆ.”

“ಹೆಚ್ಚಿಟ್ಟಿದ್ದೇ ಸಿಗುತ್ತಾ! ಮತ್ತೆ ಈ ದೇಶದಲ್ಲಿ ಕಾವ್ಯ ಹುಟ್ಟೋದು ಹೇಗೆ?” ಎಂದು ಈಳಿಗೆ ಮಣೆಯನ್ನು ಫ್ರಿಜ್ ಮೇಲೆ ಇಟ್ಟುಬಿಟ್ಟರು. “ಹಿಂತಿರುಗುವಷ್ಟರಲ್ಲಿ ಒಂದಾದರೂ ಪಾಸಾಗದಿದ್ದರೆ, ಇನ್ನು ಬರೆಯಲ್ಲ ಅಂತ ಪ್ರಕಾಶಕರಿಗೆ ಹೇಳಿಬಿಡ್ತೀನಿ.” ತಮಾಷೆ ಮಾಡುವ ಮುಖ ಅದಾಗಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ಕೈಯಲ್ಲಿ ಕೆಲಸವಿರುವ ಕೇಳುಗರ ಹುಡುಕಾಟ! ನನ್ನ ಎಂಟು ವರ್ಷದ ಮಗಳು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು: ಅಜ್ಜ ಡಿಶ್‌ವಾಷರಿಗೆ ಪದ್ಯ ಓದುತ್ತಿದ್ದಾರೆ, ಅದು ನಿಲ್ಲುತ್ತಲೇ ಇಲ್ಲ! ಮರುದಿನ ಮಾವ ನೆಲಮಾಳಿಗೆಗೆ ಇಳಿದರು. ಅಲ್ಲಿ ಇಡೀ ಕಟ್ಟಡಕ್ಕೆ ಸೇರಿದ ಬಟ್ಟೆ ಒಗೆಯುವ ಕೋಣೆ. ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ಒಬ್ಬರ ಹೊತ್ತಿನಲ್ಲಿ ಇನ್ನೊಬ್ಬರು ಕಾಲಿಡುವುದು ಇಲ್ಲಿ ಮಹಾಪರಾಧ. ಮೂರನೆಯ ಮಹಡಿಯ ಅಜ್ಜಿ ಬೆಡ್‌ಶೀಟ್ ಮಡಿಸುತ್ತಿದ್ದರು. ಮಾವ ಓದಿದರು. ಅಜ್ಜಿಯ ಕೈ ನಿಂತಿತು! ಮಾವ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಸಂಜೆ ಹೊತ್ತಿಗೆ ಆ ಕೋಣೆಯ ಬಾಗಿಲಲ್ಲಿ ಅಜ್ಜಿಯ ಚೀಟಿ: “ದಯವಿಟ್ಟು ನಿಮ್ಮ ಹೊತ್ತಿನಲ್ಲಿ ಮಾತ್ರ ಬನ್ನಿ.” ಅರ್ಥ ಹೇಳಿಸಿಕೊಂಡ ಮಾವ ಚೀಟಿಯನ್ನು ಮಡಚಿ ಜೇಬಿಗಿಟ್ಟರು. “ಐವತ್ತು ವರ್ಷದಲ್ಲಿ ಇಷ್ಟು ಪ್ರಾಮಾಣಿಕ ವಿಮರ್ಶೆ ಇದೇ ಮೊದಲು” ಎಂದರು.

ಮುಂದಿನ ವಾರ ನಮ್ಮ ಕನ್ನಡದ ಗೆಳೆಯರು ಫಿಕಾಕ್ಕೆ ಬಂದಿದ್ದರು. ಫಿಕಾ ಎಂದರೆ ಕಾಫಿ, ದಾಲ್ಚಿನ್ನಿ ಬನ್ನು, ಹರಟೆ. ಮಾವ ಓದಿದ್ದೇ ತಡ, ಎಲ್ಲರಿಂದ ಚಪ್ಪಾಳೆ. ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಮಂಗಳೂರಿನ ಹುಡುಗ ಎದ್ದೇ ನಿಂತ. “ಸೂಪರ್ ಅಂಕಲ್!” ಎಂದು ಅವರ ಕೈ ಕುಲುಕಿ, ನನ್ನ ಕಡೆ ತಿರುಗಿ, “ಒಂದಕ್ಷರ ಅರ್ಥ ಆಗ್ಲಿಲ್ಲ, ಆದ್ರೂ ಫೀಲ್ ಬಂತು!” ಎಂದ.

“ಸುಮ್ನಿರೋ, ಅವ್ರು ಬೇಜಾರ್ ಮಾಡ್ಕೋತಾರೆ.”

“ಹೊಗಳಿದ್ರೆ ಯಾರಾದ್ರೂ ಬೇಜಾರ್ ಮಾಡ್ಕೋತಾರಾ ಮಾರಾಯ್ತಿ?”

ನಮ್ಮ ಮಾವ ಮಾಡಿಕೊಳ್ಳುತ್ತಾರೆ! ಎರಡು ದಿನ ಮುಖ ಊದಿಸಿಕೊಂಡಿದ್ದರು. “ಎಲ್ಲರೂ ಚಪ್ಪಾಳೆ ಹೊಡೆದರು. ಅಂದರೆ ಯಾರ ಕೈಯಲ್ಲೂ ಕೆಲಸ ಇರಲಿಲ್ಲ.”

ಕೊನೆಗೆ ನಾನೇ ತಾಜಾ ಬೀನ್ಸ್ ತಂದೆ. ಫ್ರಿಜ್ ಮೇಲಿಂದ ಈಳಿಗೆ ಮಣೆ ಇಳಿಸಿ ನೆಲದ ಮೇಲೆ ಕೂತೆ. ನನ್ನ ಅಜ್ಜಿ ಕಲಿಸಿದ ವಿದ್ಯೆ, ಮರೆತಿರಲಿಲ್ಲ. ಮಾವ ಒಳಗೆ ಹೋಗಿ ಹಾಳೆ ತಂದು ಬಾಗಿಲಲ್ಲಿ ನಿಂತರು. ನನಗೆ ಬರುವ ಬಂಗಾಳಿ ಭಾಷೆ ಮೀನಿನ ಸಾರಿಗೂ ಸಿಹಿತಿಂಡಿಗೂ ಸಾಕು, ಕಾವ್ಯಕ್ಕೆ ಏನೇನೂ ಸಾಲದು. ಆದರೇನಂತೆ, ಪಾಪ, ಪಾಸು ಮಾಡಿಬಿಡೋಣ ಎಂದು ಕೈ ನಿಲ್ಲಿಸಿದೆ.

“ಬೌಮಾ,” ಎಂದರು ಮಾವ ಕನ್ನಡಕದ ಮೇಲಿಂದ ನೋಡುತ್ತಾ, “ನಾನಿನ್ನೂ ಶೀರ್ಷಿಕೆ ಓದ್ತಿದ್ದೀನಿ.”

ನಾಚಿಕೆಯಿಂದ ಸತ್ತೇ ಹೋದೆ! ಅಂದಿನಿಂದ ಪ್ರಾಮಾಣಿಕವಾಗಿ ಹೆಚ್ಚಿದೆ. ಬೀನ್ಸ್, ಕೋಸು, ಗಜ್ಜರಿ. ಕೈ ನಿಲ್ಲಲಿಲ್ಲ. ಒಂದಾದ ಮೇಲೊಂದು ಪದ್ಯ ಕಸದ ಬುಟ್ಟಿ ಸೇರಿತು. ನಾನು ಅವರಿಗೆ ನೆರವಾಗುತ್ತಿದ್ದೇನೋ, ಕಾವ್ಯದ ಕತ್ತು ಹಿಸುಕುತ್ತಿದ್ದೇನೋ ತಿಳಿಯದೆ ಸಂಕಟವಾಗುತ್ತಿತ್ತು. ನೋಡನೋಡುತ್ತಾ ಮೂರು ತಿಂಗಳು ಕಳೆದವು.

ಅವರು ಹೊರಡುವ ಹಿಂದಿನ ದಿನ ಭಾನುವಾರ. ಒಲೆಯ ಮೇಲೆ ಹಾಲಿಟ್ಟು ಕುಂಬಳಕಾಯಿ ಹೆಚ್ಚುತ್ತಿದ್ದೆ. ಮಾವ ಬಾಗಿಲಿಗೆ ಬಂದು ಓದತೊಡಗಿದರು. ನಾನು ಲ್ಯಾಬಿನ ವರದಿಯ ಬಗ್ಗೆ ಯೋಚಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ? ನಡುವೆ ಒಂದು ಸಾಲಿನಲ್ಲಿ ಅವರ ದನಿ ಯಾಕೋ ಎಡವಿತು. ಗಂಟಲು ಸರಿಮಾಡಿಕೊಂಡು ಅದೇ ಸಾಲನ್ನು ಮತ್ತೆ ಹಿಡಿದರು. ಮತ್ತೆ ಎಡವಿತು.

ಒಂದು ಕ್ಷಣವಾದ ಮೇಲೆಯೇ ನನಗೆ ತಿಳಿದದ್ದು, ಹೋಳು ಕೈಯಲ್ಲೇ ಇತ್ತು, ಅಲಗಿಗೆ ಮುಟ್ಟಿರಲಿಲ್ಲ.

ಮಾವ ನನ್ನ ಕೈಯನ್ನೇ ನೋಡುತ್ತಿದ್ದರು. ಓದು ಮುಗಿಸಿ, ಹಾಳೆ ಮಡಚಿದರು. ಹರಿಯಲಿಲ್ಲ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮನಸ್ಸು ಒಪ್ಪಲಿಲ್ಲ. “ಬಾಬಾ, ಮೋಸ ಮಾಡಲಾರೆ. ಪದ್ಯ ನನಗೆ ಅರ್ಥ ಆಗಲಿಲ್ಲ. ನಿಮ್ಮ ದನಿ ಕೇಳಿ ಕೈ ನಿಂತುಬಿಡ್ತು, ಅಷ್ಟೇ.”

ಆ ದೊಡ್ಡ ಕವಿ ಮೆಲ್ಲಗೆ ಬಂದು, ಗೋಡೆ ಹಿಡಿದು, ನನ್ನ ಪಕ್ಕ ನೆಲದ ಮೇಲೆ ಕೂತರು. ಈಳಿಗೆ ಮಣೆಯ ಸವೆದ ಮರದ ಮೇಲೆ ಕೈಯಾಡಿಸಿದರು.

“ಅವಳೂ ಓದಿದವಳಲ್ಲ, ಬೌಮಾ. ಅವಳ ಕೈಯೂ ಅದಕ್ಕೇ ನಿಲ್ತಿತ್ತೋ ಏನೋ. ಐವತ್ತು ವರ್ಷ ನಾನು ಪದ್ಯಕ್ಕೆ ಅಂದುಕೊಂಡಿದ್ದೆ.”

ನನಗೆ ಅಳು ಬಂದುಬಿಟ್ಟಿತು. ಒಳಗೆ ಅವರ ಫೋನ್ ಹೊಡೆದುಕೊಳ್ಳುತ್ತಿತ್ತು, ಪ್ರಕಾಶಕರದೇ ಇರಬೇಕು.

“ಬಾಬಾ, ಹಾಲು ಉಕ್ಕುತ್ತಿದೆ” ಎಂದೆ.

“ಉಕ್ಕಲಿ ಬಿಡು” ಎಂದು ಮಡಚಿದ ಹಾಳೆಯನ್ನು ಬಿಚ್ಚಿ, ಮೊದಲಿನಿಂದ ಓದತೊಡಗಿದರು.