ಕುಕ್ಕರ್ ಸೀಟಿಯ ಪ್ರಮೇಯ

ಪ್ರತಿಸ್ಪರ್ಧಿ ಯಾರೇ ಆಗಿರಲಿ, ಹೇಗೋ ತಡೆದುಕೊಳ್ಳಬಹುದು. ಅವನ ಮುಖ ನಮ್ಮದೇ ಆಗಿಬಿಟ್ಟರೆ ಕಷ್ಟ. ನಾನು ಬಾಗಲಕೋಟೆ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಕೊರೊನಾ ಕಾಲದಲ್ಲಿ ಶಾಲೆಗೆ ಬೀಗ ಬಿದ್ದಾಗ ಮನೆಯಲ್ಲೇ ಪಾಠದ ವಿಡಿಯೋ ಮಾಡಿದ್ದೆ. ಗೋಡೆಯ ಸುಣ್ಣ ಉದುರಿದ್ದು ಕಾಣದಿರಲೆಂದು ಹೆಂಡತಿ ತನ್ನ ಇಳಕಲ್ ಸೀರೆಯನ್ನು ನನ್ನ ಹಿಂದೆ ಕಟ್ಟಿದ್ದಳು. ಪೈಥಾಗೊರಸ್ ಪ್ರಮೇಯ ಹೇಳಿ ಮುಗಿಸುವುದಕ್ಕೂ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದಕ್ಕೂ ಸರಿಹೋಯಿತು. ಇನ್ನೊಮ್ಮೆ ತೆಗೆಯೋಣ ಎಂದೆ. "ಬ್ಯಾಳಿ ಕುದ್ದಾವು. ಇನ್ನ ಸಾಕ್ ಮಾಡಿ ಊಟಕ್ಕ ಬರ್ರಿ" ಎಂದಳು. ಹೋದೆ.

ಈಗ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ. ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದ್ದರಿಂದ ನಾನು ಬದಲಾಗಿದ್ದೇನೆ. ಅಂದರೆ, ಆ ವಿಡಿಯೋ ಹಚ್ಚಿ ಪಕ್ಕದಲ್ಲಿ ನಿಲ್ಲುತ್ತೇನೆ. ಮಕ್ಕಳು ಅವನನ್ನು 'ವಿಡಿಯೋದಾಗಿನ ಸರ್' ಎನ್ನುತ್ತಾರೆ. ಮುಂದಿನ ಬೆಂಚಿನ ಸವಿತಾ ಒಂದು ದಿನ ನೇರವಾಗಿಯೇ ಹೇಳಿದಳು: "ಅವ್ರು ಭಾಳ ಛಲೋ ತಿಳಸ್ತಾರ್ರಿ ಸರ್. ಬೈಯಂಗಿಲ್ಲ." ಹೊಟ್ಟೆ ಉರಿಯಿತು. ಇಷ್ಟು ವರ್ಷ ಚಾಕ್‌ಪೀಸಿನ ಧೂಳು ಕುಡಿದವನು ನಾನು, ಹೆಸರು ಅವನಿಗೆ! ಬೈಯುವುದೂ ಸುಮ್ಮನೆ ಅಲ್ಲ. ತರಗತಿಯಲ್ಲಿ ಸೀಟಿ ಹೊಡೆದವರನ್ನು ಮಾತ್ರ ನಾನು ಯಾವತ್ತೂ ಒಳಗೆ ಕೂರಗೊಟ್ಟಿಲ್ಲ.

ಮೊನ್ನೆ ಕರೆಂಟ್ ಹೋಯಿತು. ದೇವರು ದೊಡ್ಡವನು ಎಂದುಕೊಂಡು ಹಳೆಯ ಕಪ್ಪು ಹಲಗೆಯತ್ತ ನಡೆದೆ. ಅವನಿಗಿಂತ ನಾನೇನು ಕಡಿಮೆ ಎಂದು ತೋರಿಸಲೇಬೇಕಿತ್ತು. ಲಂಬಕೋನ ತ್ರಿಭುಜ ಬರೆದು, ಕೈ ಬೀಸಿ, ಪ್ರಮೇಯವನ್ನು ಮನಮುಟ್ಟುವಂತೆ ಹೇಳಿದೆ. ತಿರುಗಿ ನೋಡಿದರೆ ಯಾರೂ ಪೆನ್ನು ಎತ್ತಿಲ್ಲ. ಎಲ್ಲರೂ ಕಿವಿಗೊಟ್ಟು ಏನನ್ನೋ ಕಾಯುತ್ತಿದ್ದಾರೆ.

"ಯಾಕ? ಬರಕೋರಿ."

"ಇನ್ನ ಸೀಟಿ ಆಗಿಲ್ಲರಿ ಸರ್" ಎಂದಳು ಸವಿತಾ. "ಸೀಟಿ ಆದಮ್ಯಾಗ ಬರಕೊಂಡ್ರ ನೆನಪಿರ್ತೈತ್ರಿ."

ಪರೀಕ್ಷೆ ಹತ್ತಿರವಿತ್ತು. ಕರೆಂಟ್ ಬರುವ ಲಕ್ಷಣವಿರಲಿಲ್ಲ. ಆಚೀಚೆ ನೋಡಿ, ಎರಡು ಬೆರಳು ಬಾಯಿಗಿಟ್ಟು ಹೊಡೆದೆ. ಪೆನ್ನುಗಳೆಲ್ಲ ಒಮ್ಮೆಲೇ ಓಡತೊಡಗಿದವು.

ಅಷ್ಟರಲ್ಲಿ ಬಾಗಿಲಲ್ಲಿ ಮುಖ್ಯೋಪಾಧ್ಯಾಯರು ಬಂದು ನಿಂತರು. "ಯಾವನಲೇ ಅಂವಾ, ಸೀಟಿ ಹೊಡದಾಂವಾ?"

ಯಾರೂ ಬಾಯಿ ಬಿಡಲಿಲ್ಲ. ನಾನಂತೂ ಬಿಡಲೇ ಇಲ್ಲ. ಕೊನೆಗೆ ಸವಿತಾ ಎದ್ದು ನಿಂತು, "ಹೊರಗಿಂದ ಬಂತ್ರಿ ಸರ್" ಎಂದಳು.

ಸುಳ್ಳು ಹೇಳಬಾರದು ಎಂದು ಬುದ್ಧಿ ಹೇಳಬೇಕಾದವನು ನಾನು. ಹಲಗೆಯ ಕಡೆ ಮುಖ ತಿರುಗಿಸಿಕೊಂಡು, ಚೆನ್ನಾಗಿಯೇ ಇದ್ದ ತ್ರಿಭುಜವನ್ನು ಅಳಿಸತೊಡಗಿದೆ. ವಿಡಿಯೋದಾಗಿನ ಸರ್‌ಗಾಗಿ ಇಲ್ಲಿಯವರೆಗೆ ಯಾರೂ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ.