ಮಲ್ಲಿಗೆ ದರದ ಚಿಕ್ಕಮ್ಮ ಮತ್ತು ನನ್ನ ಶೇರು

ನಮ್ಮ ಚಿಕ್ಕಮ್ಮನಿಗೆ ಲೋಕದ ಸಕಲ ವ್ಯವಹಾರವೂ ಮಲ್ಲಿಗೆಯ ಮೂಲಕವೇ ಅರ್ಥವಾಗುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಲಿಲ್ಲ. ನಂಬದೆಯೇ ಕೆಟ್ಟೆ!

ಬಂದ್ಯೋಡಿನ ಹತ್ತಿರ ಅವರ ಅಂಗಳದಲ್ಲಿ ನಲವತ್ತು ಮಲ್ಲಿಗೆ ಗಿಡ. ಊರಿನ ಹೆಂಗಸರೆಲ್ಲ ಮೊಗ್ಗು ಕಟ್ಟಿ ಪೇಟೆಗೆ ಕಳಿಸಿ, ಇವತ್ತು ದರ ನೂರೋ ಎಂಟುನೂರೋ ಎಂದು ಕಾಯುವವರು. ಚಿಕ್ಕಮ್ಮ ಮಾತ್ರ ಪಂಚಾಂಗದಲ್ಲಿ ಮದುವೆ ಮುಹೂರ್ತ ನೋಡಿ ಹಿಂದಿನ ದಿನವೇ ದರ ಹೇಳಿಬಿಡುತ್ತಿದ್ದರು! ಕೇಳಲು ದಿನಾ ನಾಲ್ಕು ಜನ ಬರುತ್ತಿದ್ದರು. ಆ ಗತ್ತು ನೋಡಬೇಕಿತ್ತು! ಒಮ್ಮೆ ಡಾಕ್ಟರು ಬಿ.ಪಿ. ಏರಿದೆ ಎಂದದ್ದಕ್ಕೆ, "ನಾಡಿದ್ದು ಕೊನೇ ಮುಹೂರ್ತ ಡಾಕ್ಟ್ರೇ, ಮತ್ತೆ ತನ್ನಿಂತಾನೇ ಇಳೀತದೆ" ಎಂದಿದ್ದರು.

ಆ ವರ್ಷ ಶೇರು ಮಾರುಕಟ್ಟೆ ಮುಗ್ಗರಿಸಿತು. ನಾನು ಗಣಿತದ ಮೇಷ್ಟ್ರು, ಪೇಪರು ಓದುವವನು. ಸೋರುವ ಅಡುಗೆಮನೆಯ ಮಾಡು ಸರಿಮಾಡಿಸಲು ಇಟ್ಟಿದ್ದ ದುಡ್ಡಿತ್ತು. ಚಿಕ್ಕಮ್ಮನ ಬಳಿ ಹೋದದ್ದು ಸಲಹೆಗಲ್ಲ, ಜಂಬಕ್ಕೆ.

"ಚಿಪ್ ಮಾಡುವ ಕಂಪೆನಿ ಚಿಕ್ಕಮ್ಮ. ಅರ್ಧ ದರಕ್ಕೆ ಬಿದ್ದಿದೆ. ತೆಕ್ಕೊಳ್ಳುವುದಾ?"

"ಅದೆಂತ ಸಾಮಾನು?"

"ಫೋನು, ಟಿವಿ, ಎಲ್ಲದರ ಹೊಟ್ಟೆಯಲ್ಲೂ ಇರ್ತದೆ."

"ದರ ಬಿದ್ದದ್ದು ಯಾಕೆ? ಮದುವೆ ಇಲ್ಲದ ಆಟಿ ತಿಂಗಳು ಅಂತವಾ, ಗಿಡಕ್ಕೇ ರೋಗವಾ? ಆಟಿಯಾದ್ರೆ ತೆಕ್ಕೊ, ಮದುವೆ ಶುರುವಾದಾಗ ಏರ್ತದೆ. ಬುಡ ಕೊಳೆತಿದ್ರೆ ಪುಕ್ಕಟೆ ಕೊಟ್ರೂ ಬೇಡ. ಮೊದಲು ವಿಚಾರಿಸು ಮಗಾ."

"ಕಂಪೆನಿಗೆ ಬುಡ ಎಲ್ಲುಂಟು ಚಿಕ್ಕಮ್ಮ!" ಎಂದು ನಕ್ಕೆ. ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನೇ ಅಭಿನಯಿಸಿ ಎಲ್ಲರನ್ನೂ ನಗಿಸಿದೆ. ವಿಚಾರಿಸಲಿಲ್ಲ, ಕೊಂಡೆ. ಬುಡ ಕೊಳೆತೇ ಇತ್ತು. ಕಂಪೆನಿ ಬಾಗಿಲು ಹಾಕಿತು.

ಮಳೆ ಬಂತು. ಕಾದ ಕಾವಲಿಯ ಮೇಲೆ ಚುಂಯ್ ಎಂದು ಹನಿ ಬಿತ್ತು. "ಮಾಡಿನ ದುಡ್ಡು ಎಲ್ಲಿ?" ಎಂದಳು ಹೆಂಡತಿ. ನನ್ನ ಹಾಳು ನಾಲಿಗೆ ಹೇಳಿತು: "ಚಿಕ್ಕಮ್ಮ ತೆಕ್ಕೊ ಅಂದ್ರು."

ಅವಳು ಬಿಡುವವಳೇ? ಭಾನುವಾರ ನನ್ನನ್ನೂ ಎಳೆದುಕೊಂಡು ಚಿಕ್ಕಮ್ಮನ ಜಗಲಿಗೇ ಹೋದಳು. ದರ ಕೇಳಲು ಬಂದ ಹೆಂಗಸರು ಅಲ್ಲೇ ಕೂತಿದ್ದರು.

"ಇವರಿಗೆ ಶೇರು ತೆಕ್ಕೊ ಅಂತ ಹೇಳಿದ್ದು ನೀವಾ ಚಿಕ್ಕಮ್ಮ?"

ಬಾಳೆನಾರು ಸುತ್ತುತ್ತಿದ್ದ ಕೈ ನಿಂತಿತು. ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ಗಿಡ ನೋಡಿದೆ.

"ಹೌದು ಮಗಾ, ನಾನೇ ಹೇಳಿದ್ದು. ಈ ಮುದುಕಿಗೆ ದರದ ವಿಷಯ ಎಂತ ಗೊತ್ತುಂಟು?"

ಒಬ್ಬಾಕೆ ಕಿಸಕ್ಕನೆ ನಕ್ಕಳು. ಹೊರಡುವಾಗ ಚಿಕ್ಕಮ್ಮ ಹೆಂಡತಿಗೆ ಹೂ ಮುಡಿಸಿ, ನನಗೆ ಮೆಲ್ಲಗೆ, "ಮಾಡು ಬೇಗ ಸರಿ ಮಾಡ್ಸು. ಪಾಪ, ಒಲೆಯೆದುರು ನೆನೀತಾಳೆ" ಎಂದರು. ಅಷ್ಟೇ. ಆಮೇಲೆ ಅವರ ಹತ್ತಿರ ದರ ಕೇಳಲು ಯಾರೂ ಬರಲಿಲ್ಲ. ಪಂಚಾಂಗವೂ ಜಗಲಿಯಿಂದ ಒಳಗೆ ಹೋಯಿತು. ನಾನು ಬಾಯಿ ಬಿಡಲಿಲ್ಲ. ನಾಚಿಕೆಯಾಗುತ್ತದೆ.

ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಹೆಂಡತಿ. ಓದು ಮಾರಾಯ್ತಿ, ಅವರು ಹೇಳಿದ್ದು "ವಿಚಾರಿಸು" ಎಂದು. ಓದಿಯಾದ ಮೇಲೆ ಬೈಯುವಷ್ಟು ಬೈದು ಹೊರಡು. ಚಿಕ್ಕಮ್ಮನ ಜಗಲಿಯಲ್ಲಿ ಎಲ್ಲರೆದುರು ಕೂತು, ನಾಳೆ ಮಲ್ಲಿಗೆಗೆ ದರ ಎಷ್ಟು ಎಂದು ಕೇಳಿ ಬರೋಣ.